ಕತ್ತಿ ಆರಿಸುವ ಕಣ್ಣು

ಮೇ ತಿಂಗಳ ಕೊನೆಯ ಸಂತೆಗಳಲ್ಲಿ ಕಬ್ಬಿಣದ ಸಾಲಿನ ಮುಂದೆ ನಿಲ್ಲುವುದು ನನಗೆ ಬಲು ಇಷ್ಟ. ರಿಪ್ಪನ್‌ಪೇಟೆಯಿರಲಿ, ಆನಂದಪುರವಿರಲಿ, ಕೋಣಂದೂರಿರಲಿ, ಮುಂಗಾರು ಹತ್ತಿರವಾದ ಹಾಗೆ ತರಕಾರಿ ಸಾಲಿನಾಚೆ ಈ ಸಾಲು ಉದ್ದವಾಗುತ್ತದೆ. ಗೋಣಿತಾಟಿನ ಮೇಲೆ ಕತ್ತಿ, ಕುಡುಗೋಲು, ಗುದ್ದಲಿ, ಪಿಕಾಸಿ, ಹಾರೆ, ಅಡಕೆ ಸುಲಿಯುವ ಮೆಟ್ಟುಗತ್ತಿ. ಅಲ್ಲಿಗೆ ಬಂದವರು ನಿಂತುಕೊಂಡು ವ್ಯಾಪಾರ ಮಾಡುವುದಿಲ್ಲ. ಪಂಚೆ ಮೇಲೆತ್ತಿ ಕುಕ್ಕರುಗಾಲಲ್ಲಿ ಕೂರುತ್ತಾರೆ. ಇಂದು ಸಂಜೆಯ ಬಸ್ಸು ತಪ್ಪಿದರೂ ಸರಿ ಎನ್ನುವ ಹಾಗೆ ಆರಿಸುತ್ತಾರೆ.

ಆ ಆರಿಸುವಿಕೆಯನ್ನು ಹತ್ತಿರದಿಂದ ನೋಡಬೇಕು. ಮೊದಲು ಕತ್ತಿಯನ್ನು ತುದಿಬೆರಳಲ್ಲಿ ತೂಗಿಬಿಟ್ಟು, ಇನ್ನೊಂದು ಕತ್ತಿಯ ಬೆನ್ನಿನಿಂದ ಮೆಲ್ಲಗೆ ತಟ್ಟಿ ಕಿವಿಗೊಡುತ್ತಾರೆ. ಟಣ್ಣೆಂಬ ನಾದ ಎಳೆಯಾಗಿ ನಿಂತರೆ ಸರಿ, ಬೋದಾಗಿ ಕೇಳಿದರೆ ಒಳಗೆಲ್ಲೋ ಬಿರುಕಿದೆ ಎಂದು ಪಕ್ಕಕ್ಕಿಡುತ್ತಾರೆ. ಆಮೇಲೆ ಒಂದು ಕಣ್ಣು ಮುಚ್ಚಿ ಬಾಯಿಯ ನೇರ ನೋಡುತ್ತಾರೆ. ಹಿಡಿ ಸೇರುವ ಕಡೆ ಬೆರಳಿಟ್ಟು ತೂಕ ಎಲ್ಲಿ ಕೂತಿದೆಯೆಂದು ನೋಡುತ್ತಾರೆ. ಕೊನೆಗೆ ಎದ್ದು ನಿಂತು, ಪಕ್ಕದವರಿಗೆ ತಾಗದ ಹಾಗೆ, ಗಾಳಿಯಲ್ಲಿ ಒಂದು ಸಲ ಬೀಸುತ್ತಾರೆ. ಮುಂಗೈ ಒಪ್ಪಿದರೆ ಮಾತ್ರ ಬೆಲೆಯ ಮಾತು.

ಮಾರುವವನೂ ಕಡಿಮೆಯವನಲ್ಲ. ಒಳ್ಳೆಯ ಕತ್ತಿ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಆಗುತ್ತದೆ, ಅದರಲ್ಲಿರುವ ಉಕ್ಕಿನ ಗುಣ ಬೇರೆ ಕಬ್ಬಿಣಕ್ಕಿಲ್ಲ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿದು, ಬಾಯಿ ತೆಗೆದು, ನೀರಿಗದ್ದಿ, ಮತ್ತೆ ಸಣ್ಣ ಬಿಸಿ ತೋರಿಸಿ ಹದ ತರಬೇಕು. ಹದ ಹೆಚ್ಚಾದರೆ ಗಂಟು ತಾಗಿದಾಗ ಬಾಯಿ ಮುಕ್ಕಾಗುತ್ತದೆ, ಕಡಿಮೆಯಾದರೆ ಮಡಚಿಕೊಳ್ಳುತ್ತದೆ. ಹೊಸನಗರದ ಕಡೆಯ ಒಬ್ಬ ಹಿರಿಯ ಆಚಾರಿ, ಕತ್ತಿ ಕೇಳಿದವರನ್ನು ಯಾವಾಗಲೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಯಾರು ಹಿಡಿಯೋದು?" ಸೊಪ್ಪು ಸವರಲು ತುದಿ ಬಾಗಿದ ಹಗುರ ಕತ್ತಿ, ಕೊಂಬೆ ಕಡಿಯಲು ಬೆನ್ನು ದಪ್ಪದ ಕತ್ತಿ ಎಂಬುದು ಎಲ್ಲರಿಗೂ ಗೊತ್ತು. ಅವರಿಗೆ ಬೇಕಿದ್ದದ್ದು ಅದನ್ನು ಹಿಡಿಯುವವರ ಆಳ್ತನ, ಕೈಯ ಗಾತ್ರ, ಎಡಗೈಯೋ ಬಲಗೈಯೋ ಎಂಬುದು. ಎಡಗೈಯವರಿಗೆ ಕುಡುಗೋಲಿನ ಬಾಯಿಯನ್ನು ಇನ್ನೊಂದು ಮಗ್ಗುಲಿಗೆ ಮಸೆದು ಕೊಡುತ್ತಿದ್ದರು. ಗುದ್ದಲಿಗೂ ಅಷ್ಟೆ. ಕಾವು ಗಿಡ್ಡವಾದರೆ ಸೊಂಟ ಬಗ್ಗುತ್ತದೆ, ಉದ್ದವಾದರೆ ಏಟು ತಪ್ಪುತ್ತದೆ. ಗುದ್ದಲಿಯನ್ನು ನೆಲಕ್ಕೂರಿ ನಿಂತಾಗ ಕಾವಿನ ತುದಿ ಎಲ್ಲಿಗೆ ಬರುತ್ತದೆ ಎಂದು ನೋಡಿಯೇ ಕೊಡುತ್ತಿದ್ದರು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಕೆ ತೋಟಗಳಲ್ಲಿ ಬೆಳೆದವರಿಗೆಲ್ಲ ಈ ಕಣ್ಣು ಬಂದಿದೆ. ಕಲಿಸಿದವರಿಲ್ಲ, ನೋಡಿ ಬಂದದ್ದು. ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಸಂಗತಿಯೆಂದರೆ, ಅದೇ ಜನ ಅದೇ ದಿನ ಪಕ್ಕದ ಅಂಗಡಿಗೆ ಹೋಗಿ ಬೂಟು, ಕೈಗವಸು, ಕನ್ನಡಕ ಕೊಳ್ಳುವಾಗ ಈ ಕಣ್ಣು ಎಲ್ಲಿ ಹೋಗುತ್ತದೆ ಎಂಬುದು. "ಒಂದು ಜೊತೆ ಬೂಟು ಕೊಡಿ" ಎನ್ನುತ್ತಾರೆ, ಅಷ್ಟೆ. ತಟ್ಟಿ ನೋಡುವುದಿಲ್ಲ, ತೊಟ್ಟು ನೋಡುವುದಿಲ್ಲ, ಯಾರು ತೊಡುವುದು ಎಂದು ಅಂಗಡಿಯವರೂ ಕೇಳುವುದಿಲ್ಲ. ಮನೆಗೆ ಬಂದ ಎಂಟೋ ಒಂಬತ್ತೋ ನಂಬರಿನ ಬೂಟು ತೋಟದ ಕೆಲಸಕ್ಕೆ ಬರುವ ಹೆಂಗಸಿನ ಕಾಲಲ್ಲಿ ಲೊಟಲೊಟ ಅನ್ನುತ್ತದೆ. ಅಡಕೆ ಮರದ ಸಂಕದ ಮೇಲೆ, ಪಾಚಿ ಕಟ್ಟಿದ ಬಸಿಗಾಲುವೆಯ ಅಂಚಿನಲ್ಲಿ ಅಂಥ ಬೂಟಿಗಿಂತ ಬರಿಗಾಲೇ ಗಟ್ಟಿ. ಅವಳು ಎರಡು ದಿನ ಹಾಕಿ, ಮೂರನೆಯ ದಿನ ಕಳಚಿ ಕೊಟ್ಟಿಗೆಯ ಮೂಲೆಗಿಟ್ಟರೆ, "ಕೊಟ್ಟರೂ ಹಾಕಲ್ಲ" ಎಂಬ ಮಾತು ಹುಟ್ಟುತ್ತದೆ. ಈ ಮಾತನ್ನು ನಮ್ಮ ಸೀಮೆಯಲ್ಲಿ ಎಷ್ಟು ಮನೆಗಳ ಜಗುಲಿಯಲ್ಲಿ ಕೇಳಿದ್ದೇನೋ. ಅದು ಸುಳ್ಳು. ಅಳತೆಗೆ ಸರಿಯಾದದ್ದನ್ನು ಯಾರೂ ಕಳಚಿಡುವುದಿಲ್ಲ.

ಹಿಂದಿನವರು ಹೊದ್ದದ್ದನ್ನು ನೋಡಿ. ಮಳೆಗಾಲದ ಕಂಬಳಿಕೊಪ್ಪೆ ನೆನೆದು ಭಾರವಾದರೂ ಮೈಯ ಬಿಸಿಯನ್ನು ಬಿಟ್ಟುಕೊಡುತ್ತಿರಲಿಲ್ಲ. ಆಗುಂಬೆಯಂಥ ಕಡೆ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವಲ್ಲಿ, ಇಡೀ ದಿನ ಹೊರಗೆ ನಿಲ್ಲುವವರಿಗೆ ನೆನೆಯದಿರುವುದಕ್ಕಿಂತ ಚಳಿ ಹಿಡಿಯದಿರುವುದು ಮುಖ್ಯ. ಸಸಿ ನೆಡುವ ಹೆಂಗಸರ ಗೊರಬು ಬಗ್ಗಿದ ಬೆನ್ನಿನ ಆಕಾರಕ್ಕೇ ಹೆಣೆದದ್ದು, ಎರಡು ಕೈಗಳನ್ನೂ ಕೆಲಸಕ್ಕೆ ಬಿಡುವಂಥದ್ದು. ಹಾಳೆಟೊಪ್ಪಿಯನ್ನು ಅವರವರ ತಲೆಗಿಟ್ಟೇ ಮಡಚಿ ಹೊಲಿಯುತ್ತಿದ್ದರು, ಹೊರೆಯ ಒತ್ತನ್ನೂ ಮೇಲಿಂದ ಬಿದ್ದ ಸಣ್ಣಪುಟ್ಟ ಏಟನ್ನೂ ಅದು ತಾಳುತ್ತಿತ್ತು. ಸೊಂಟದ ಹಿಂದಿನ ಕತ್ತಿಕೊಕ್ಕೆಯಂತೂ ನನ್ನ ಲೆಕ್ಕದಲ್ಲಿ ನಮ್ಮ ಮಲೆನಾಡಿನ ಅತ್ಯುತ್ತಮ ರಕ್ಷಣಾ ಸಾಧನ. ಬಿಚ್ಚುಗತ್ತಿ ಕೈಯಲ್ಲಿ ಹಿಡಿದು ಜಾರುವ ದಾರಿಯಲ್ಲಿ ನಡೆಯುವ ಅಪಾಯವನ್ನು ಒಂದು ಮರದ ತುಂಡು ತಪ್ಪಿಸಿತು. ಇವೆಲ್ಲ ತೊಡುವವರೇ ಮಾಡಿಕೊಂಡದ್ದು ಅಥವಾ ಎದುರು ಕೂತು ಮಾಡಿಸಿಕೊಂಡದ್ದು. ಪೇಟೆಯಿಂದ ಬಂದ ಹೊಸ ಸಾಧನಗಳಲ್ಲಿ ಈ ನಂಟು ಕಡಿದುಹೋಗಿದೆ. ಕೊಳ್ಳುವವರು ಒಬ್ಬರು, ತೊಡುವವರು ಮತ್ತೊಬ್ಬರು.

ಇದು ಎಲ್ಲಕ್ಕಿಂತ ಹೆಚ್ಚು ಕಾಣುವುದು ಔಷಧಿ ಹೊಡೆಯುವ ದಿನ. ಕೊಳೆರೋಗಕ್ಕೆ ಮೊದಲು ನಮ್ಮವರಿಗೆ ಗೊತ್ತಿದ್ದದ್ದು ಗೊನೆಗಳಿಗೆ ಕೊಟ್ಟೆ ಕಟ್ಟುವುದೊಂದೇ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳನ್ನು ಸುತ್ತಿ ಈ ರೋಗವನ್ನು ಅಭ್ಯಾಸ ಮಾಡಿ, ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಕ್ಕೆಂದು 1880ರ ದಶಕದಲ್ಲಿ ಕಂಡುಕೊಂಡ ಮದ್ದು ನಮ್ಮ ಅಡಕೆಯನ್ನು ಉಳಿಸಿತು. ನೂರು ವರ್ಷ ದಾಟಿದರೂ ಅದೇ ಲೆಕ್ಕ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮುಂಗಾರು ಹಿಡಿಯುವ ಮೊದಲು ಒಂದು ಸುತ್ತು, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಹದ ಬಂತೋ ಇಲ್ಲವೋ ಎಂದು ನೋಡಲು ಅದೇ ನಮ್ಮ ಕತ್ತಿ ಬೇಕು. ಚೆನ್ನಾಗಿ ಮಸೆದ ಕತ್ತಿಯ ಬಾಯಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ, ಕೆಂಪು ಕೂತಿದ್ದರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ. ಮತ್ತಷ್ಟು ಸುಣ್ಣ ಹಾಕಬೇಕು. ಇಲ್ಲದಿದ್ದರೆ ಹಿಂಗಾರ, ಎಳೆಗಾಯಿ ಸುಡುತ್ತದೆ.

ಮರದ ಎಳೆಗಾಯಿ ಸುಟ್ಟೀತೆಂದು ಇಷ್ಟು ಜಾಗ್ರತೆ ಮಾಡುವ ನಾವು, ಅದೇ ಸುಣ್ಣ ಕಲಸುವವನ ಕಣ್ಣಿನ ಬಗ್ಗೆ ಯೋಚಿಸುವುದು ಕಡಿಮೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಅದು ಕುದಿದು ಸಿಡಿಯುತ್ತದೆ. ಸುಣ್ಣದ ಒಂದು ಹನಿ ಕಣ್ಣಿಗೆ ಬಿದ್ದರೆ ಅದು ಆಮ್ಲಕ್ಕಿಂತ ಕೆಟ್ಟದ್ದು, ಒಳಗೊಳಗೇ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಇಡೀ ಔಷಧಿ ಕೆಲಸದಲ್ಲಿ ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ ಯಾರಿಗೆ ಮೊದಲು ಬೇಕೆಂದರೆ, ಮರದ ಮೇಲಿರುವವನಿಗಿಂತ ಮೊದಲು ಡ್ರಮ್ಮಿನ ಪಕ್ಕ ನಿಂತವನಿಗೆ. ಹಾಗೇನಾದರೂ ಬಿದ್ದರೆ ಉಜ್ಜದೆ, ಕಣ್ಣು ತೆರೆದು ಹಿಡಿದು ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಶುದ್ಧ ನೀರು ಹರಿಸುತ್ತಲೇ ಇರಬೇಕು, ಅನಂತರ ಆಸ್ಪತ್ರೆ. ಆ ಜಾಗದಲ್ಲಿ ಒಂದು ಕೊಡ ಒಳ್ಳೆಯ ನೀರು ಬೇರೆಯಾಗಿಯೇ ಇರಬೇಕು. ಇದಕ್ಕೆ ಖರ್ಚೂ ಇಲ್ಲ.

ಈಗ ಕೊಳೆಯ ಜೊತೆಗೆ ಎಲೆಚುಕ್ಕಿ ರೋಗ ಬಂದು ಕೂತಿದೆ. ನಗರ, ನಿಟ್ಟೂರು, ಮೇಗರವಳ್ಳಿ ಸುತ್ತಿನ ತೋಟಗಳಲ್ಲಿ ಸೋಗೆ ಸುಟ್ಟಂತಾಗಿ ನಿಂತ ಮರಗಳನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದಕ್ಕೆಂದು ಪ್ರೊಪಿಕೊನಜೋಲ್, ಟೆಬುಕೊನಜೋಲ್‌ಗಳಂಥ ಔಷಧಿಗಳೂ ತೋಟಕ್ಕೆ ಬಂದಿವೆ. ಬೋರ್ಡೋ ಮೈಮೇಲೆ ಬಿದ್ದರೆ ನೀಲಿ ಕಲೆ ಕಾಣುತ್ತದೆ, ಮೈ ತೊಳೆಯಬೇಕೆಂದು ಅದೇ ನೆನಪಿಸುತ್ತದೆ. ಇವು ಕಾಣುವುದಿಲ್ಲ. ಡಬ್ಬಿಯ ಮೇಲಿನ ಚೌಕದ ಗುರುತನ್ನು ನೋಡುವುದು ಇಲ್ಲಿಂದ ಮುಂದೆ ಎಲ್ಲರಿಗೂ ಬರಬೇಕು: ಕೆಂಪು ಅತ್ಯಂತ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರೆಂದರೆ ಕುಡಿಯುವ ನೀರೆಂದು ಅರ್ಥವಲ್ಲ.

ಮೂಗಿಗೆ ಟವೆಲು ಸುತ್ತಿಕೊಳ್ಳುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ತುಂತುರಿಗೆ ಒದ್ದೆಯಾದ ಟವೆಲು ವಿಷವನ್ನು ಹೀರಿಕೊಂಡು ಇಡೀ ದಿನ ಮೂಗಿನ ಮುಂದೆಯೇ ಹಿಡಿದಿಡುತ್ತದೆ. ಹತ್ತಿಯ ಕೈಗವಸೂ ಹಾಗೆಯೇ. ರಾಸಾಯನಿಕಕ್ಕೆ ನೈಟ್ರೈಲ್ ಕೈಗವಸು ಬೇಕು, ಮೊಣಕೈಯತ್ತ ಉದ್ದವಿರುವಂಥದ್ದು. ಮುಖಕ್ಕೆ ಇದ್ದಿಲಿನ ಸೋಸುಡಬ್ಬಿ ಇರುವ ಮುಸುಕು. ಇದನ್ನು ಕೊಳ್ಳುವಾಗ ತೊಡುವವರ ಮುಖಕ್ಕಿಟ್ಟು, ಸೋಸುಡಬ್ಬಿಯನ್ನು ಅಂಗೈಯಿಂದ ಮುಚ್ಚಿ ಉಸಿರೆಳೆದು ನೋಡಬೇಕು. ಮುಸುಕು ಕೆನ್ನೆಗೆ ಕಚ್ಚಿಕೊಂಡರೆ ಸರಿ, ಗಾಳಿ ನುಗ್ಗಿದರೆ ಆ ಮುಖಕ್ಕೆ ಅದು ಹೊಂದದು. ಗಡ್ಡ ಬಿಟ್ಟವರಿಗೆ ಹೊಂದುವುದೇ ಇಲ್ಲ. ಅಡಕೆ ತೋಟದ ಸಿಂಪರಣೆಗೆ ಇನ್ನೊಂದು ವಿಶೇಷವಿದೆ. ಗದ್ದೆಯಲ್ಲಿ ಔಷಧಿ ಕೆಳಮುಖ, ತೋಟದಲ್ಲಿ ಮೇಲ್ಮುಖ. ಗದ್ದೆಯವರು ಅಂಗಿಯ ತೋಳನ್ನು ಕೈಗವಸಿನ ಮೇಲೆ ಎಳೆದುಕೊಂಡರೆ ಸಾಕು. ನಮ್ಮಲ್ಲಿ ಕೈ ಎತ್ತಿ ಹೊಡೆಯುವುದರಿಂದ ಹನಿ ಮೊಣಕೈ ಕಡೆಗೆ ಇಳಿಯುತ್ತದೆ. ತೋಳನ್ನು ಕೈಗವಸಿನ ಒಳಗೆ ಸೇರಿಸಿ, ಕೈಗವಸಿನ ಅಂಚನ್ನು ಹೊರಕ್ಕೆ ಮಡಚಬೇಕು. ಇಳಿದು ಬಂದ ನೀರು ಆ ಮಡಿಕೆಯಲ್ಲಿ ನಿಲ್ಲುತ್ತದೆ. ಪ್ಯಾಂಟು ಬೂಟಿನ ಹೊರಗೆ ಇಳಿಬಿಟ್ಟಿರಬೇಕು, ಇಲ್ಲವಾದರೆ ಬೂಟೇ ಔಷಧಿ ತುಂಬಿದ ಪಾತ್ರೆಯಾಗುತ್ತದೆ.

ಅದೇ ಪ್ಯಾಂಟು ಜನವರಿಯಲ್ಲಿ ಕಾಲುಚೀಲದ ಒಳಗಿರಬೇಕು. ತೋಟಕ್ಕೆ ಸೊಪ್ಪು, ದರಗು ತರಲು ಸೊಪ್ಪಿನಬೆಟ್ಟಕ್ಕೆ ಹೋಗುವ ಕಾಲವೂ ಮಂಗನ ಕಾಯಿಲೆಯ ಉಣುಗು ಏಳುವ ಕಾಲವೂ ಒಂದೇ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದು ಗೊತ್ತಾದ ರೋಗ ಇದು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಎದ್ದಾಗ ಆ ಊರು ಅನುಭವಿಸಿದ್ದನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. ತೀರ್ಥಹಳ್ಳಿ, ಹೊಸನಗರದ ಹಳ್ಳಿಗಳೂ ಅದರ ನೋವು ತಿಂದಿವೆ. ಹಳೆಯ ಲಸಿಕೆ ನಿಂತ ಮೇಲೆ ಮೈ ಮುಚ್ಚುವ ಬಟ್ಟೆ ಮತ್ತು ಆರೋಗ್ಯ ಇಲಾಖೆಯವರು ಹಂಚುವ ಎಣ್ಣೆ, ಇವೆರಡರ ಮೇಲೇ ಹೆಚ್ಚು ಭಾರ ಬಿದ್ದಿದೆ. ಮೊದಲು ಡಿಎಂಪಿ ಎಣ್ಣೆ ಇತ್ತು, ಈಗ ಡೇಪಾ ಎಣ್ಣೆ. ಅದನ್ನು ಪೂಜೆಯ ತೀರ್ಥದ ಹಾಗೆ ಹನಿಯಷ್ಟು ಸವರಿಕೊಂಡು ಹೋಗುವವರನ್ನು ನೋಡಿದ್ದೇನೆ, ಪಾದದಿಂದ ಮೊಣಕಾಲಿನವರೆಗೂ ಕೈಗಳಿಗೂ ಸರಿಯಾಗಿ ಬಳಿದುಕೊಳ್ಳಬೇಕು. ಬಟ್ಟೆ ತಿಳಿಬಣ್ಣದ್ದಾದರೆ ಹತ್ತಿದ ಉಣುಗು ಕಾಣುತ್ತದೆ. ಮರಿ ಉಣುಗು ಕಣ್ಣಿಗೆ ಬೀಳುವುದೇ ಕಷ್ಟ, ಖಾಕಿಯ ಮೇಲಂತೂ ಇಲ್ಲವೇ ಇಲ್ಲ. ಬೆಟ್ಟದಿಂದ ಬಂದ ಕೂಡಲೆ ಬಟ್ಟೆ ಬಿಸಿನೀರಿಗೆ ಬೀಳಬೇಕು, ಮೈ ಸ್ನಾನದ ಮನೆಗೆ. ಮಳೆಗಾಲದ ಉಂಬಳಕ್ಕೆ ನಮ್ಮವರು ಬಟ್ಟೆಯ ಗಂಟಿನಲ್ಲಿ ಸುಣ್ಣ, ತಂಬಾಕು ಕಟ್ಟಿ ಕೋಲಿಗೆ ಸಿಕ್ಕಿಸಿಕೊಂಡು ಓಡಾಡಿದವರು. ಉಂಬಳದಿಂದ ರಕ್ತ ಹೋಗುತ್ತದೆ, ಉಣುಗಿನಿಂದ ಜೀವ ಹೋಗಬಹುದು. ಮೊದಲನೆಯದಕ್ಕೆ ಮಾಡುವ ಸಿದ್ಧತೆಯಷ್ಟಾದರೂ ಎರಡನೆಯದಕ್ಕೆ ಬೇಡವೆ?

ಇನ್ನು ದೋಟಿ. ಮರ ಏರಿ, ತಳೆ ಹಾಕಿ, ಒಂದು ಮರದಿಂದ ಇನ್ನೊಂದಕ್ಕೆ ತೂಗಿ ಹೋಗುವ ಕೊನೆಗಾರರು ಈಗ ಕಡಿಮೆಯಾಗಿದ್ದಾರೆ, ಇರುವವರಿಗೂ ವಯಸ್ಸಾಗಿದೆ. ಕಾರ್ಬನ್ ಫೈಬರ್ ದೋಟಿ ಬಂದು ನೆಲದ ಮೇಲೆ ನಿಂತೇ ಕೊನೆ ತೆಗೆಯಬಹುದು, ಔಷಧಿಯನ್ನೂ ಹೊಡೆಯಬಹುದು ಎಂದಾಯಿತು. ನನಗೆ ಇದು ನಮ್ಮ ಕಾಲದ ದೊಡ್ಡ ಉಪಕಾರವಾಗಿ ಕಾಣುತ್ತದೆ, ಬೀಳುವ ಭಯವನ್ನೇ ತೆಗೆದುಹಾಕಿತಲ್ಲ. ಬಿದಿರಿನ ದೋಟಿ ತೋಟದ ಎತ್ತರಕ್ಕೆ ಸಾಲದು, ಅಲ್ಯೂಮಿನಿಯಂ ದೋಟಿ ಉದ್ದವಾದಂತೆ ಬಾಗಿ ಭಾರವಾಗುತ್ತದೆ. ಕಾರ್ಬನ್ ಫೈಬರ್ ಹಗುರ, ನೇರ. ಆದರೆ ಲೋಹವಲ್ಲವಾದ್ದರಿಂದ ಅದಕ್ಕೆ ಕರೆಂಟು ಹೊಡೆಯುವುದಿಲ್ಲ ಎಂಬ ನಂಬಿಕೆ ಅದರ ಜೊತೆಗೇ ಹಬ್ಬಿದೆ. ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು: ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಒದ್ದೆ ಬಿದಿರಿನಲ್ಲೂ ಹರಿಯುತ್ತದೆ. ಅಡುಗೆಮನೆಯ ರಬ್ಬರ್ ಕೈಗವಸು 11 ಕೆ.ವಿ. ತಂತಿಯ ಮುಂದೆ ಕಾಗದಕ್ಕೆ ಸಮ. ದೋಟಿ ತಂತಿಗೆ ತಾಗಿ ಜೀವ ಹೋದ ಸುದ್ದಿಯನ್ನು ಮಲೆನಾಡಿನವರು ಪತ್ರಿಕೆಯಲ್ಲಿ ಮತ್ತೆ ಮತ್ತೆ ಓದಿದ್ದೇವೆ. ದೋಟಿ ಪೂರ್ತಿ ಉದ್ದಕ್ಕೆ ಅಡ್ಡ ಬಿದ್ದರೂ ತಂತಿ ಮುಟ್ಟದಷ್ಟು ದೂರವಿದ್ದರೆ ಮಾತ್ರ ಎತ್ತಬೇಕು. ಅದಕ್ಕಿಂತ ಹತ್ತಿರದ ಮರಗಳ ಕೆಲಸಕ್ಕೆ ಮೆಸ್ಕಾಂಗೆ ಹೇಳಿ ಲೈನು ತೆಗೆಸಿಯೇ ಕೈಹಾಕಬೇಕು. ದೋಟಿಯವನಿಗೆ ಬೇಕಾದ ಉಳಿದದ್ದು ಕಡಿಮೆ: ಗೊನೆ ಮೇಲೆ ಬಿದ್ದರೂ ತಾಳುವ ಹೆಲ್ಮೆಟ್, ಮೇಲಿಂದ ಉದುರುವ ಕಸ, ಇರುವೆ ಕಣ್ಣಿಗೆ ಬೀಳದ ಕನ್ನಡಕ, ಮತ್ತು ಕತ್ತು ನೋಯುವ ಮೊದಲು ದೋಟಿ ಹಿಡಿಯಲು ಇನ್ನೊಬ್ಬ ಜೊತೆಗಾರ.

ಕಳೆ ಹೊಡೆಯುವ ಯಂತ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದರ ಸದ್ದೇ ಎಚ್ಚರಿಸುತ್ತದೆ. ಎಳೆಸಸಿಯ ಸುತ್ತ ನೈಲಾನ್ ದಾರ ಕೂಡ ತೊಗಟೆ ಸುಲಿಯುತ್ತದೆ, ಅಲ್ಲಿ ಕೈಗತ್ತಿಯೇ ಸೈ. ಮುಖಕ್ಕೆ ಪಾರದರ್ಶಕ ಪರದೆ ನಮ್ಮ ಮಳೆಯಲ್ಲಿ ಆವಿ ಕಟ್ಟಿ ಕುರುಡಾಗುತ್ತದೆ. ಜಾಲರಿಯ ಪರದೆ, ಅದರ ಒಳಗೊಂದು ಕನ್ನಡಕ ಇಲ್ಲಿಗೆ ಹೊಂದುತ್ತದೆ. ಕಲ್ಲು ಸಿಡಿಯುವುದರಿಂದ ಹದಿನೈದು ಮೀಟರಿನೊಳಗೆ ಬೇರೆ ಯಾರೂ ಇರಕೂಡದು, ಮುಖ್ಯವಾಗಿ ನೋಡಲು ಬಂದ ಮಕ್ಕಳು.

ಅಡಕೆ ಸುಲಿಯುವ ಹೆಂಗಸರ ಬೆರಳುಗಳನ್ನು ಯಾರಾದರೂ ಹಿಡಿದು ನೋಡಿದ್ದಾರೋ ಇಲ್ಲವೋ. ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿ ಹೊತ್ತಾಗುವವರೆಗೂ ಸುಲಿದ ಕೈಗಳು ಚೊಗರಿನಿಂದ ಕಪ್ಪಾಗಿ, ಸೀಳು ಬಿಟ್ಟು, ಸುಗ್ಗಿ ಮುಗಿದು ಬಹಳ ದಿನದವರೆಗೂ ತಿಳಿಯಾಗುವುದಿಲ್ಲ. ಹೆಬ್ಬೆರಳಿಗೆ ಅವರು ಬಟ್ಟೆಯ ಚೂರೋ ಸೈಕಲ್ ಟ್ಯೂಬಿನ ತುಂಡೋ ಸಿಕ್ಕಿಸಿಕೊಳ್ಳುತ್ತಾರೆ. ಒಬ್ಬಾಕೆ ನನಗೆ ತೋರಿಸಿದ್ದು ಟ್ಯೂಬನ್ನು ಓರೆಯಾಗಿ ಕತ್ತರಿಸಿ, ಕತ್ತಿ ತಾಗುವ ಮಗ್ಗುಲು ಎರಡು ಪದರ, ಅಡಕೆಯನ್ನು ಮುಟ್ಟುವ ತುದಿಯಲ್ಲಿ ಚರ್ಮ ಬರಿದಾಗಿರುವ ಹಾಗೆ ಮಾಡಿಕೊಂಡದ್ದು. "ಬೆರಳಿಗೆ ಅಡಕೆ ತಿಳೀಬೇಕು ಅಯ್ಯ, ಇಲ್ದಿದ್ರೆ ಕತ್ತಿ ತಿಳೀತದೆ" ಎಂದಳು. ಅಂಗಡಿಯ ಯಾವ ಕೈಗವಸಿಗೂ ಇಷ್ಟು ಬುದ್ಧಿಯಿಲ್ಲ. ಸಂತೆಯಲ್ಲಿ ಕತ್ತಿ ಆರಿಸುವ ಆ ಕಣ್ಣು ಇವಳಲ್ಲಿ ಪೂರ್ತಿಯಾಗಿ ಎಚ್ಚರವಿದೆ. ರಕ್ಷಣೆಯ ಸಾಮಾನು ಕೊಳ್ಳುವ ದಿನ ಅವಳನ್ನು ಕೇಳಿದವರಿಲ್ಲ, ಅಷ್ಟೆ.

ಹಾಗಾಗಿ ತೋಟದ ಯಜಮಾನರಲ್ಲಿ ನನ್ನದೊಂದು ಕೇಳಿಕೆ. ಬೂಟು, ಕೈಗವಸು, ಮುಸುಕು ತರಲು ಒಬ್ಬರೇ ಹೋಗಬೇಡಿ, ತೊಡುವವರನ್ನು ಕರೆದುಕೊಂಡು ಹೋಗಿ. ಅವರ ಒಂದು ದಿನದ ಕೂಲಿಯನ್ನು ಆ ದಿನಕ್ಕೂ ಕೊಡಿ, ಅದೂ ತೋಟದ ಕೆಲಸವೇ. ಬೂಟಿನ ಅಡಿಯ ಹಲ್ಲು ಆಳವಿದೆಯೇ ಎಂದು ಅವರೇ ನೋಡಲಿ, ತೊಟ್ಟು ನಾಲ್ಕು ಹೆಜ್ಜೆ ನಡೆಯಲಿ, ಬೇಡವೆಂದರೆ ಬೇಡ. ಅಡಕೆ ಸಹಕಾರ ಸಂಘಗಳ ಆಡಳಿತದಲ್ಲಿರುವವರಲ್ಲಿ ಇನ್ನೊಂದು: ಮೈಲುತುತ್ತ ಮಾರುವ ಕಡೆಯಲ್ಲೇ ನೈಟ್ರೈಲ್ ಕೈಗವಸು, ಸೋಸುಡಬ್ಬಿಯ ಮುಸುಕು, ಮುಚ್ಚುಕನ್ನಡಕ ಇರಲಿ. ಗಂಬೂಟು ಹತ್ತು, ಒಂಬತ್ತು, ಎಂಟು ನಂಬರಿಗೇ ನಿಲ್ಲದೆ, ಆರು, ಐದು, ನಾಲ್ಕು ನಂಬರಿನವೂ ಇರಲಿ. ತೋಟದಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು, ಅವರ ಕಾಲಿನ ಅಳತೆ ಅದೇ.